ಕಂಠೀರವ ಸ್ಟೇಡಿಯಂ ಯಾರದ್ದು? ಫುಟ್‌ಬಾಲ್‌ನವರದ್ದಾ, ಓಡುವವರದ್ದಾ?

ವಿಲ್ಸನ್‌ಗಾರ್ಡನ್_ಅಪ್ಪ
ಮಗಳನ್ನು ಮೊದಲ ಸಲ ಕಂಠೀರವಕ್ಕೆ ಫುಟ್‌ಬಾಲ್ ಮ್ಯಾಚ್ ನೋಡೋಕೆ ಕರೆದುಕೊಂಡು ಹೋಗಿದ್ದೆ. ಹನ್ನೆರಡು ವರ್ಷ. ಸ್ಕೂಲಲ್ಲಿ 200 ಮೀಟರ್ ಓಡುತ್ತಾಳೆ. ಆಟ ಶುರುವಾಗಿ ಹತ್ತು ನಿಮಿಷ ಆಗಿತ್ತು. ಪಕ್ಕದವರೆಲ್ಲ ಎದ್ದು ಕೂಗುತ್ತಿದ್ದಾರೆ, ಇವಳ ಕಣ್ಣು ಮಾತ್ರ ಟ್ರ್ಯಾಕ್ ಮೇಲೆ. "ಅಪ್ಪಾ, ಆ ತಿರುವಿನ ಹತ್ರ ಟ್ರ್ಯಾಕ್ ಮೇಲೆ ಚಾಪೆ ಹಾಸಿದ್ದಾರಲ್ಲ, ಯಾಕೆ?" ಅಂದಳು. ನನಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಇದೇ ಜಗಳ. ನನ್ನ ಬಾಮೈದ ಪಕ್ಕಾ ಬಿಎಫ್‌ಸಿ (ನಮ್ಮೂರ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ) ಹುಚ್ಚ. "ಅದು ಫುಟ್‌ಬಾಲ್ ಸ್ಟೇಡಿಯಂ ಭಾವ, ವರ್ಷಕ್ಕೆ ಎಷ್ಟು ಅಥ್ಲೆಟಿಕ್ಸ್ ಕೂಟಕ್ಕೆ ಜನ ಬರ್ತಾರೆ ಹೇಳಿ" ಅಂದ. ಮಗಳು ಮುಖ ಊದಿಸಿಕೊಂಡಳು. ನಮ್ಮಪ್ಪ ಪೇಪರ್‌ನಿಂದ ತಲೆ ಎತ್ತದೆ, "ಇಬ್ಬರದ್ದೂ ಅಲ್ಲ, ಅದು ಸಂಪಂಗಿ ಕೆರೆ" ಅಂದುಬಿಟ್ಟರು.

ಈಗ ನೀವೇ ಹೇಳಿ. ಯಾರದ್ದು?

ವೆಸ್ಟ್_ಸೈಡ್_ನೀಲಿ
ನಿಮ್ಮ ಬಾಮೈದನಿಗೆ ನನ್ನ ಕಡೆಯಿಂದ ಒಂದು ಬೈಟು ಕಾಫಿ ಕೊಡಿಸಿ ಸಾರ್.

ಸ್ಪೈಕ್ಸ್_ಮಾಸ್ತರು
ನಾನು ಮಕ್ಕಳಿಗೆ ಓಟ ಹೇಳಿಕೊಡುವವನು. ಈ ಪ್ರಶ್ನೆ ಬಂದಾಗೆಲ್ಲ ಬಿಪಿ ಏರುತ್ತದೆ. 1997ರ ನ್ಯಾಷನಲ್ ಗೇಮ್ಸ್‌ಗೆ ಅಂತ ಆ ಸ್ಟೇಡಿಯಂಗೆ ಈಗಿನ ರೂಪ ಕೊಟ್ಟದ್ದು. ಎಂಟು ಲೇನ್ ಸಿಂಥೆಟಿಕ್ ಟ್ರ್ಯಾಕ್ ಹಾಕಿದ್ದು ಓಡೋದಕ್ಕೆ. ಬಿಎಫ್‌ಸಿ ಹುಟ್ಟಿದ್ದೇ 2013ರಲ್ಲಿ. ಕಂಠೀರವಕ್ಕೆ ಬಂದದ್ದು ಅದರ ಮುಂದಿನ ವರ್ಷ. ಬಾಡಿಗೆಗೆ ಬಂದವರು ಮನೆ ನಮ್ಮದು ಅಂದರೆ ಹೇಗೆ?

ವೆಸ್ಟ್_ಸೈಡ್_ನೀಲಿ
ಮಾಸ್ತರೇ, ಬಾಡಿಗೆಗೆ ಬಂದವರೇ ಮನೆಗೆ ದೀಪ ಹಚ್ಚಿದ್ದು. 2014ಕ್ಕೆ ಮುಂಚೆ ಆ ಸ್ಟೇಡಿಯಂ ಹೆಸರು ಪೇಪರ್‌ನಲ್ಲಿ ಬರ್ತಿದ್ದದ್ದು ಯಾವಾಗ? ಯಾರಾದರೂ ದೊಡ್ಡವರು ತೀರಿಕೊಂಡಾಗ, ಇಲ್ಲ ಪ್ರಮಾಣವಚನ ಇದ್ದಾಗ.

ಮಂಡ್ಯ_ಮಾವ
ಹಾಗೆ ಹಗುರಾಗಿ ಮಾತಾಡಬೇಡಿ ತಮ್ಮ. 2006ರಲ್ಲಿ ಅಣ್ಣಾವ್ರನ್ನ ಅಲ್ಲಿಟ್ಟಿದ್ದಾಗ ನಾನು ಬಸ್ ಸಿಗದೆ ನಡೆದುಕೊಂಡು ಹೋದವನು. 2018ರಲ್ಲಿ ಅಂಬರೀಶಣ್ಣ. 2021ರಲ್ಲಿ ಅಪ್ಪು. ಅಪ್ಪು ದಿನ ಕ್ಯೂ ಎಲ್ಲಿಂದ ಶುರು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಮುಂದೆ ಒಬ್ಬ ಹುಡುಗ ಡೆಲಿವರಿ ಬ್ಯಾಗ್ ಬೆನ್ನಲ್ಲಿಟ್ಟುಕೊಂಡೇ ನಿಂತಿದ್ದ. ಆರ್ಡರ್ ಏನಾಯಿತೋ ಏನೋ, ಅವನಂತೂ ಅಲ್ಲಾಡಲಿಲ್ಲ. ಆ ಮೈದಾನ ನಮ್ಮಂಥವರದ್ದೂ ಹೌದು.

ವೆಸ್ಟ್_ಸೈಡ್_ನೀಲಿ
ತಪ್ಪಾಯ್ತು ಮಾವ. ನಾನೂ ಆ ಕ್ಯೂನಲ್ಲಿದ್ದೆ. ಬರೆದ ರೀತಿ ಸರಿ ಇರಲಿಲ್ಲ.

ಪಾವಗಡ_ಪಾಪು
ಒಂದು ಡೌಟು. ಅಪ್ಪು ಸಮಾಧಿ ಇರೋದು ಈ ಸ್ಟೇಡಿಯಂ ಒಳಗಾ?

ಮಂಡ್ಯ_ಮಾವ
ಅಲ್ಲ ಮಗಾ. ಅದು ಕಂಠೀರವ ಸ್ಟುಡಿಯೋ. ಯಶವಂತಪುರದ ಆ ಕಡೆ. ಇದು ಕಂಠೀರವ ಸ್ಟೇಡಿಯಂ, ಕಸ್ತೂರಬಾ ರೋಡ್ ಹತ್ರ. ಊರಿಂದ ಬರೋರು ಹತ್ತರಲ್ಲಿ ಐದು ಜನ ಆಟೋದವನಿಗೆ ತಪ್ಪು ಹೇಳಿ ದುಡ್ಡು ಕಳೆದುಕೊಳ್ತಾರೆ.

ಪಾವಗಡ_ಪಾಪು
ನಾನು ಆ ಐದರಲ್ಲಿ ಒಬ್ಬ 😀

ಕುಸ್ತಿ_ಪ್ರಿಯ_ಮೈಸೂರು
ಹೆಸರಿನ ವಿಷಯ ಬಂತಲ್ಲ, ಸೇರಿಸುತ್ತೇನೆ. ಕಂಠೀರವ ಅಂದರೆ ಸಿಂಹ. ಇಲ್ಲಿ ಹೆಸರು ಬಂದದ್ದು ರಣಧೀರ ಕಂಠೀರವ ನರಸರಾಜ ಒಡೆಯರಿಂದ. ಆಳಿದ್ದು 1638ರಿಂದ 1659. ತಿರುಚಿರಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಕಥೆ ನಮ್ಮ ಕಡೆ ಗರಡಿಮನೆಯಲ್ಲಿ ಈಗಲೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಸ್ಟೇಡಿಯಂ ಕುಸ್ತಿಯವರದ್ದು. ಫುಟ್‌ಬಾಲ್ ಇಲ್ಲ, ಓಟ ಇಲ್ಲ. ನಡೀರಿ ಎಲ್ಲರೂ.

ಸ್ಪೈಕ್ಸ್_ಮಾಸ್ತರು
😄 ಕುಸ್ತಿಯವರಿಗಾದರೆ ಬಿಟ್ಟುಕೊಡುತ್ತೇನೆ. ಅವರು ಟ್ರ್ಯಾಕ್ ಮುಟ್ಟುವುದಿಲ್ಲ.

ತಿಗಳರಪೇಟೆ_ಹುಡುಗಿ
ಮೊದಲ ಪೋಸ್ಟ್ ಹಾಕಿದವರ ಅಪ್ಪ ಹೇಳಿದ್ದೇ ಸರಿ. ಅದು ಸಂಪಂಗಿ ಕೆರೆ. ಪಕ್ಕದ ಬಡಾವಣೆ ಹೆಸರು ಸಂಪಂಗಿರಾಮನಗರ ಅಂತ ಸುಮ್ನೆ ಬಂದಿದ್ದಲ್ಲ. ಕಬ್ಬನ್ ಪಾರ್ಕ್‌ನಿಂದ ಆ ಕಡೆಗೆ ಜಾಗ ಹೇಗೆ ಇಳಿಜಾರಾಗಿದೆ ನೋಡಿ. ಒಂದು ಕಾಲಕ್ಕೆ ಪೇಟೆಗೂ ದಂಡಿಗೂ (ಕಂಟೋನ್ಮೆಂಟ್) ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪ್ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆ ಯಾರಿಗೆ ಬೇಕು? ನೀರು ಹೋಯಿತು, ಮೈದಾನ ಬಂತು.

ಆದರೆ ಪೂರ್ತಿ ಹೋಗಿಲ್ಲ. ಒಂದು ಸಣ್ಣ ಕುಂಟೆ ಉಳಿದಿದೆ. ಕರಗದ ಸಮಯದಲ್ಲಿ ಹಸಿ ಕರಗ ಅಲ್ಲಿಂದಲೇ ಹೊರಡುತ್ತದೆ. ನಮ್ಮ ಮನೆಯವರು ಪ್ರತಿ ವರ್ಷ ಹೋಗುತ್ತಾರೆ. ಅಜ್ಜಿ ಇವತ್ತಿಗೂ "ಸ್ಟೇಡಿಯಂ" ಅನ್ನುವುದಿಲ್ಲ. "ಕೆರೆ ಅಂಗಳ" ಅಂತಾರೆ. ಒಂದು ತೊಟ್ಟು ನೀರಿಲ್ಲದ ಕಡೆ ಬೆರಳು ತೋರಿಸಿ ಕೆರೆ ಅಂತಾರಲ್ಲ ಅಂತ ಚಿಕ್ಕವಳಿದ್ದಾಗ ನಗು ಬರುತ್ತಿತ್ತು.

ವಿಲ್ಸನ್‌ಗಾರ್ಡನ್_ಅಪ್ಪ
ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮೀಸೆ ತಿರುವಿಕೊಂಡರು.

ನಕ್ಷೆ_ನಂಜುಂಡ
ಕೆರೆ ಅಂದರೆ ಬರೀ ಕಂಠೀರವ ಯಾಕೆ? ಪಟ್ಟಿ ದೊಡ್ಡದಿದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಆಟದ ಸ್ಟೇಡಿಯಂ. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ. ಕೋರಮಂಗಲದ ಕೆರೆ ನ್ಯಾಷನಲ್ ಗೇಮ್ಸ್ ವಸತಿ ಸಮುಚ್ಚಯ. ಅಶೋಕನಗರದಲ್ಲಿರುವ ಅಸಲಿ ಫುಟ್‌ಬಾಲ್ ಸ್ಟೇಡಿಯಂ ಇದೆಯಲ್ಲ, ಅದೂ ಶೂಲೆ ಕೆರೆ ಮೇಲೆ. ಬೆಂಗಳೂರಿನವರಿಗೆ ಆಟ ಆಡಬೇಕು ಅನ್ನಿಸಿದಾಗೆಲ್ಲ ಒಂದೊಂದು ಕೆರೆ ಹೋಗಿದೆ.

ಜಯನಗರ_ಜಾಣ
ಇನ್ನೇನು ಕ್ರಿಕೆಟ್‌ನವರು ಬೆಳ್ಳಂದೂರು ಕೆರೆ ಕೇಳ್ತಾರೆ.

ನಕ್ಷೆ_ನಂಜುಂಡ
ಅಲ್ಲಿ ಪಿಚ್‌ಗೆ ಬೆಂಕಿ ಬೀಳುತ್ತೆ ಗುರು.

ವೇದಿಕೆ_ಕಾವಲು
ಕೆರೆ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಸ್ಟೇಡಿಯಂ ಬಗ್ಗೆ ಮಾತ್ರ.

ತಿಗಳರಪೇಟೆ_ಹುಡುಗಿ
ಕೆರೆ ಬಿಟ್ಟು ಆ ಸ್ಟೇಡಿಯಂ ಬಗ್ಗೆ ಮಾತಾಡೋದು ಹೇಗೆ ಕಾವಲಣ್ಣ? ಸರಿ ಬಿಡಿ.

ಗೌತಮಪುರ_ನಂಬರ್10
"ಅಸಲಿ ಫುಟ್‌ಬಾಲ್ ಸ್ಟೇಡಿಯಂ" ಅಂದರಲ್ಲ ನಂಜುಂಡಣ್ಣ, ಆ ಒಂದು ಮಾತಿಗೆ ನಿಮಗೆ ನಮಸ್ಕಾರ. ಬೆಂಗಳೂರು ಫುಟ್‌ಬಾಲ್ ಅಂದರೆ ಎಲ್ಲರೂ 2013ರಿಂದ ಶುರು ಮಾಡ್ತಾರೆ. ಹಲಸೂರಿನ ನಮ್ಮ ಗೌತಮಪುರಕ್ಕೆ ಬನ್ನಿ. ಪೆಲೆ ಪ್ರತಿಮೆ ಇದೆ. ಯಾರೂ ಚಂದಕ್ಕೆ ಅಂತ ಇಟ್ಟಿದ್ದಲ್ಲ.

1948ರ ಲಂಡನ್ ಒಲಿಂಪಿಕ್ಸ್ ನೋಡಿ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್‌ಬಾಲ್ ಮ್ಯಾಚ್, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. 2-1ರಿಂದ ಸೋತೆವು, ಅದೂ ಎರಡು ಪೆನಾಲ್ಟಿ ಕಳೆದುಕೊಂಡು. ಆ ಒಂದು ಗೋಲ್ ಹೊಡೆದದ್ದು ಯಾರು? ಸಾರಂಗಪಾಣಿ ರಾಮನ್. ಬೆಂಗಳೂರಿನವರು. ಅದೇ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್. ಅವರೂ ಇಲ್ಲಿನವರೇ. ಅದಕ್ಕೂ ಮುಂಚೆ 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಮೈಸೂರು ಹೆಸರಲ್ಲಿ ನಾಲ್ಕು ಸಲ ಗೆದ್ದಿದ್ದೇವೆ. ಕೊನೆಯದು 1968-69.

ಹಾಗಾಗಿ ಫುಟ್‌ಬಾಲ್ ಹೊಸದಾಗಿ ಬಂದ ಬಾಡಿಗೆದಾರ ಅನ್ನಬೇಡಿ ಮಾಸ್ತರೇ. ಹಳೇ ಒಕ್ಕಲು ನಾವು.

ಸಾಲ್ಟ್‌ಲೇಕ್_ಸುರೇಶ
ಕೋಲ್ಕತ್ತಾದಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಅಹ್ಮದ್ ಖಾನ್ ಹೆಸರು ನೋಡಿ ಬರೆಯಲೇಬೇಕು ಅನ್ನಿಸಿತು. ಇಲ್ಲಿ ಈಸ್ಟ್ ಬೆಂಗಾಲ್‌ನ ಹಳಬರು "ಪಂಚಪಾಂಡವರು" ಅಂತ ಐದು ಫಾರ್ವರ್ಡ್‌ಗಳನ್ನು ನೆನೆಯುತ್ತಾರೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಐವರಲ್ಲಿ ಧನರಾಜ್, ಅಹ್ಮದ್ ಖಾನ್ ನಮ್ಮೂರಿನವರು. ನಮ್ಮ ಬಿಲ್ಡಿಂಗ್‌ನ ಒಬ್ಬ ಹಿರಿಯರು ನಾನು ಬೆಂಗಳೂರಿನವನು ಅಂದ ತಕ್ಷಣ ಕೇಳಿದ್ದು ಐಟಿ ಬಗ್ಗೆ ಅಲ್ಲ, ಅಹ್ಮದ್ ಬಗ್ಗೆ. ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆ. ನಾಚಿಕೆ ಆಯಿತು.

ಇನ್ನು ಸ್ಟೇಡಿಯಂ ಗಲಾಟೆ. ಇಲ್ಲಿನ ಸಾಲ್ಟ್ ಲೇಕ್ ಸ್ಟೇಡಿಯಂ 1984ರದ್ದು. 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ 1 ಲಕ್ಷ 31 ಸಾವಿರ ಜನ ಬಂದಿದ್ದರು. ಭುಟಿಯಾ ಹ್ಯಾಟ್ರಿಕ್ ದಿನ. ಅಲ್ಲೂ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ. 2017ರ ಅಂಡರ್-17 ವಿಶ್ವಕಪ್‌ಗೆ ಬಕೆಟ್ ಸೀಟ್ ಹಾಕಿದ ಮೇಲೆ ಜಾಗ ಕಮ್ಮಿ ಆಯಿತು. ಆದರೂ ಯಾರದ್ದು ಅಂತ ಯಾರೂ ಕೇಳಲ್ಲ. ಅದು ಫುಟ್‌ಬಾಲ್‌ನದ್ದೇ. ಊರೇ ಹಾಗೆ.

ಸ್ಪೈಕ್ಸ್_ಮಾಸ್ತರು
ಊರೇ ಹಾಗೆ ಅನ್ನೋದು ಸರಿ. ಅಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡಕ್ಕೂ ಮೈದಾನ್‌ನಲ್ಲಿ ಅವರವರದ್ದೇ ಗ್ರೌಂಡ್ ಇದೆ. ಇಲ್ಲಿ ಊರ ನಡುವೆ ದೊಡ್ಡ ಕೂಟ ನಡೆಸೋಕೆ ಕೈಗೆಟಕುವ ಟ್ರ್ಯಾಕ್ ಅಂದರೆ ಇದೇ. ನನ್ನ ಬಳಿ ಬರೋ ಮಕ್ಕಳು ಬೆಳಿಗ್ಗೆ 5:40ರ ಬಸ್ ಹಿಡಿದು ಬರುವವರು. ಸ್ಪೈಕ್ಸ್ ಬೂಟು ಹರಿದರೆ ಹೊಲಿಸಿಕೊಂಡು ಓಡುವವರು. ಅವರಿಗೆ "ಇವತ್ತು ಇಲ್ಲ, ನಾಳೆ ಬಾ" ಅಂದರೆ ಬಸ್ ಚಾರ್ಜ್ ಯಾರು ಕೊಡ್ತಾರೆ? ಹಿಂದೆ ಬೇರೊಂದು ಊರಲ್ಲಿ ಕೆಲಸ ಮಾಡುತ್ತಿದ್ದಾಗ ಜಿಲ್ಲಾ ಕೂಟಕ್ಕೆ ನಾಲ್ಕು ದಿನ ಇರುವಾಗ ಟ್ರ್ಯಾಕ್ ಮೇಲೆ ಪೆಂಡಾಲ್ ಕಂಬ ನೆಟ್ಟರು. ಯಾವುದೋ ಸಮಾರಂಭ. ಊರಿನ ಹೆಸರು ಬೇಡ. ಕಂಬ ಕಿತ್ತ ಮೇಲೆ ಉಳಿದ ಗುಂಡಿಗೆ ಮರಳು ತುಂಬಿದ್ದು ನಾನು ಮತ್ತು ಹುಡುಗರು. ಒಂದು ಬಕೆಟ್, ಎರಡು ತಗಡಿನ ಡಬ್ಬ. ಆ ಗುಂಡಿಯಲ್ಲೇ ಒಬ್ಬ ಹುಡುಗಿ ಕಾಲು ತಿರುಚಿಕೊಂಡಳು. ಅವತ್ತಿಂದ ಟ್ರ್ಯಾಕ್ ಮೇಲೆ ಯಾರು ಏನಿಟ್ಟರೂ ನನಗೆ ಸಿಟ್ಟು ಬರುತ್ತದೆ. ಅದು ನನ್ನ ದೌರ್ಬಲ್ಯ ಅಂತಲೇ ಇಟ್ಟುಕೊಳ್ಳಿ.

ಗೌತಮಪುರ_ನಂಬರ್10
ಇದಕ್ಕೆ ಎದುರು ಮಾತಿಲ್ಲ ಮಾಸ್ತರೇ.

ಲೆಕ್ಕದ_ಮೇಡಂ
ಮೊದಲ ಪೋಸ್ಟ್‌ನಲ್ಲಿ ಮಗು ಕೇಳಿದ ಪ್ರಶ್ನೆಗೆ ಇಲ್ಲಿ ಒಬ್ಬರೂ ಉತ್ತರ ಕೊಟ್ಟಿಲ್ಲ. ಚಾಪೆ ಯಾಕೆ? ನಾನು ಹೈಸ್ಕೂಲ್ ಗಣಿತದ ಟೀಚರ್. ಹೇಳುತ್ತೇನೆ.

400 ಮೀಟರ್ ಸ್ಟ್ಯಾಂಡರ್ಡ್ ಟ್ರ್ಯಾಕ್ ತಗೊಳ್ಳಿ. ಎರಡು ನೇರ ಬದಿ, ಒಂದೊಂದೂ 84.39 ಮೀಟರ್. ಎರಡು ಅರ್ಧವೃತ್ತ, ತ್ರಿಜ್ಯ 36.5 ಮೀಟರ್. ಫುಟ್‌ಬಾಲ್ ಅಂಕಣ 105 ಉದ್ದ, 68 ಅಗಲ. ಅಂದರೆ ಅಂಕಣ ನೇರ ಬದಿಗಿಂತ ಉದ್ದ. ಎರಡೂ ತುದಿಯಲ್ಲಿ ಹತ್ತು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ತಿರುವಿನ ಒಳಗೆ ತೂರಿಕೊಳ್ಳುತ್ತದೆ. ಅಲ್ಲಿ ಟ್ರ್ಯಾಕ್ ಆಗಲೇ ಒಳಕ್ಕೆ ಬಾಗಲು ಶುರುವಾಗಿದೆ. ಪೈಥಾಗೊರಸ್ ಹಾಕಿ ನೋಡಿ. ಗೋಲ್ ಗೆರೆ ನೇರಕ್ಕೆ ನಡುವಿನಿಂದ ಟ್ರ್ಯಾಕ್ ಅಂಚು ಸುಮಾರು 35 ಮೀಟರ್ ದೂರ. ಕಾರ್ನರ್ ಬಾವುಟ 34 ಮೀಟರ್ ದೂರ. ಮಧ್ಯೆ ಉಳಿದದ್ದು ಒಂದೇ ಒಂದು ಮೀಟರ್!

ಕಾರ್ನರ್ ಒದೆಯುವವನಿಗೆ ನಾಲ್ಕೈದು ಹೆಜ್ಜೆ ಓಡಿ ಬರಲು ಜಾಗ ಬೇಕು. ಎಲ್ಲಿಂದ ಬರುತ್ತಾನೆ? ಟ್ರ್ಯಾಕ್ ಮೇಲಿಂದ. ಬೂಟಿನ ಗುಬುಟಿಗೆ ಸಿಂಥೆಟಿಕ್ ಹಾಳಾಗಬಾರದು ಅಂತ, ಅವನೂ ಜಾರಬಾರದು ಅಂತ ಚಾಪೆ. ಮಗಳಿಗೆ ಹೇಳಿ, ಒಳ್ಳೆ ಪ್ರಶ್ನೆ ಕೇಳಿದ್ದಾಳೆ.

ವಿಲ್ಸನ್‌ಗಾರ್ಡನ್_ಅಪ್ಪ
ಮೇಡಂ, ಅವಳೇ ಓದಿದಳು. ಈಗ ಡೈನಿಂಗ್ ಟೇಬಲ್ ಮೇಲೆ ಕಂಪಾಸ್ ಪೆಟ್ಟಿಗೆ ತೆಗೆದು ಕೂತಿದ್ದಾಳೆ. ಟೇಬಲ್‌ಗೆ ತೂತು ಬಿದ್ದರೆ ನಿಮಗೆ ಬಿಲ್ ಕಳಿಸುತ್ತೇನೆ.

ವೆಸ್ಟ್_ಸೈಡ್_ನೀಲಿ
ಹತ್ತು ವರ್ಷದಿಂದ ಮ್ಯಾಚ್ ನೋಡ್ತಿದ್ದೀನಿ, ಇದು ತಲೆಗೆ ಹೊಳೆದಿರಲಿಲ್ಲ. ಮೇಡಂ, ಹಾಗಾದರೆ ಗೋಲ್ ಹಿಂದೆ ಕೂತವರಿಗೆ ಎಷ್ಟು ದೂರ ಆಗುತ್ತೆ?

ಲೆಕ್ಕದ_ಮೇಡಂ
ಗೋಲ್ ಗೆರೆಯಿಂದ ತಿರುವಿನ ಒಳ ಅಂಚಿಗೆ 26 ಮೀಟರ್. ಎಂಟು ಲೇನ್, ಲೇನ್‌ಗೆ 1.22 ಮೀಟರ್‌ನಂತೆ ಹತ್ತಿರ ಹತ್ತಿರ 10. ಒಟ್ಟು 36. ಅದಾದ ಮೇಲೆ ಬೇಲಿ, ಮೆಟ್ಟಿಲು. ಪಕ್ಕದ ಸ್ಟ್ಯಾಂಡ್‌ನಲ್ಲಿ ಕೂತರೆ 12 ಮೀಟರ್ ಚಿಲ್ಲರೆ.

ವೆಸ್ಟ್_ಸೈಡ್_ನೀಲಿ
ನಾವು ಪಕ್ಕದಲ್ಲಿ ಕೂತು ಕೂಗೋದು ಯಾಕೆ ಅಂತ ಈಗ ಗೊತ್ತಾಯ್ತಾ 💙

ಕುಡ್ಲದ_ಕಿಣಿ
ದೂರ ಆದರೂ ಸದ್ದಿಗೇನೂ ಕಮ್ಮಿ ಇಲ್ಲ ಮಾರಾಯ್ರೆ. 2016ರ ಅಕ್ಟೋಬರ್‌ನಲ್ಲಿ ಬಿಎಫ್‌ಸಿ ಆಡಿದ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಸೆಮಿಫೈನಲ್‌ಗೆ ಮಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದಿದ್ದೆ. ಎದುರಾಳಿ ಮಲೇಷ್ಯಾದ ಜೊಹೊರ್. ಹಿಂದಿನ ವರ್ಷದ ಚಾಂಪಿಯನ್ಸ್. ಮೊದಲ ಗೋಲ್ ಅವರದ್ದೇ. ಆಮೇಲೆ ನಮ್ಮ ಸುನಿಲ್ ಚೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಕ್ಲಬ್ ಒಂದು ಆ ಟೂರ್ನಿಯ ಫೈನಲ್ ಸೇರಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ಗುರುತು ಪರಿಚಯ ಇಲ್ಲದ ಅಂಕಲ್ ನನ್ನನ್ನು ತಬ್ಬಿಕೊಂಡು ಎತ್ತಿಬಿಟ್ಟರು. ಚಪ್ಪಲಿ ಒಂದು ಎಲ್ಲಿ ಹೋಯಿತೋ. ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮೆಜೆಸ್ಟಿಕ್‌ಗೆ ಬಂದೆ.

ಜಯನಗರ_ಜಾಣ
ಬಿಎಫ್‌ಸಿ ಮೊದಲ ಐ-ಲೀಗ್ (ದೇಶದ ಕ್ಲಬ್‌ಗಳ ಲೀಗ್) ಗೆದ್ದಾಗಲೂ ಕಂಠೀರವದಲ್ಲಿ ಹೀಗೇ ಇತ್ತು. ಮರೆಯೋಕೆ ಆಗಲ್ಲ.

ಗೌತಮಪುರ_ನಂಬರ್10
ಯಾವುದು, 2014ರದ್ದಾ? ಗೆದ್ದದ್ದು ಗೋವಾದಲ್ಲಿ, ಡೆಂಪೊ ವಿರುದ್ಧ 4-2. ಆ ಸೀಸನ್ ಹೋಮ್ ಮ್ಯಾಚ್ ಎಲ್ಲ ಅಶೋಕನಗರದಲ್ಲಿ. ಕಂಠೀರವ ಅಲ್ಲವೇ ಅಲ್ಲ.

ಜಯನಗರ_ಜಾಣ
ಹಾಗಾದರೆ ನಾನು ನೋಡಿದ್ದು ಏನು?

ಗೌತಮಪುರ_ನಂಬರ್10
2016 ಏಪ್ರಿಲ್, ಸಾಲ್ಗಾಂವ್ಕರ್ ವಿರುದ್ಧ 2-0. ಎರಡನೇ ಐ-ಲೀಗ್. ಹೆಸರಲ್ಲಿ ಮಾತ್ರ ಜಾಣ ಕಣ್ರೀ ನೀವು.

ಜಯನಗರ_ಜಾಣ
ಒಪ್ಪಿದೆ 🙏

ಚೆನ್ನೈ_ಕನ್ನಡತಿ
ಗೆದ್ದದ್ದೇ ಹೇಳ್ತೀರಲ್ಲ. 2018 ಮಾರ್ಚ್ 17 ಯಾರೂ ಬಾಯಿಬಿಡಲ್ಲ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಕಂಠೀರವದಲ್ಲೇ, ನಮ್ಮ ಚೆನ್ನೈಯಿನ್ 3-2. ಚೆಟ್ರಿ ಮೊದಲು ಹೊಡೆದರು, ಸ್ಟೇಡಿಯಂ ಹಾರಿಹೋಗುತ್ತೆ ಅನ್ನಿಸಿತ್ತು. ಆಮೇಲೆ ಮೈಲ್ಸನ್ ಆಲ್ವೆಸ್ ಎರಡು ಹೆಡರ್. ಎರಡೂ ಕಾರ್ನರ್‌ನಿಂದ.

ಲೆಕ್ಕದ_ಮೇಡಂ
ಅಂದರೆ ಎರಡೂ ಗೋಲ್ ಶುರುವಾದದ್ದು ಟ್ರ್ಯಾಕ್ ಮೇಲಿಂದ!

ಸ್ಪೈಕ್ಸ್_ಮಾಸ್ತರು
ಟ್ರ್ಯಾಕ್ ಸೇಡು ತೀರಿಸಿಕೊಂಡಿದೆ 😄

ವೆಸ್ಟ್_ಸೈಡ್_ನೀಲಿ
ಈ ವೇದಿಕೆ ಬಿಟ್ಟು ಹೋಗ್ತೀನಿ ನಾನು.

ತ್ರಿಶೂರ್_ಗಡಿ
ಅಣ್ಣಂದಿರೇ, 2023ರ ಮಾರ್ಚ್ 3ರ ಬಗ್ಗೆಯೂ ಒಂದು ಮಾತು? ಫ್ರೀ ಕಿಕ್‌ಗೆ ನಮ್ಮವರು ಗೋಡೆ ಕಟ್ಟುವ ಮೊದಲೇ ಒದ್ದಿದ್ದು?

ವೆಸ್ಟ್_ಸೈಡ್_ನೀಲಿ
ಬಂದ್ರು ಕೇರಳ ಬ್ಲಾಸ್ಟರ್ಸ್‌ನವರು. ರೆಫರಿ ಗೋಲ್ ಕೊಟ್ಟರು. ನಿಮ್ಮ ತಂಡ ಮೈದಾನ ಬಿಟ್ಟು ಹೋಯಿತು. ಆಟ ನಿಲ್ಲಿಸಿ ಎದ್ದು ಹೋದದ್ದಕ್ಕೆ 4 ಕೋಟಿ ದಂಡ ಬಿತ್ತು. ಇನ್ನೇನು ಮಾತು?

ತ್ರಿಶೂರ್_ಗಡಿ
ವಿಸಲ್ ಆಗಿತ್ತಾ?

ವೇದಿಕೆ_ಕಾವಲು
ದಯವಿಟ್ಟು ಬೇಡ. ಈ ಒಂದು ಫ್ರೀ ಕಿಕ್ ಮೇಲೆ ಈಗಾಗಲೇ ಮೂರು ಎಳೆ ಮುಚ್ಚಿದ್ದೇನೆ.

ಮ್ಯೂನಿಕ್_ಮಲ್ಲಿಗೆ
ನಾನಿರೋದು ಮ್ಯೂನಿಕ್‌ನಲ್ಲಿ. ಇಲ್ಲೂ ಇದೇ ಕಥೆ ಇತ್ತು. 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂನಲ್ಲೇ ಇಲ್ಲಿನ ಫುಟ್‌ಬಾಲ್ ಕ್ಲಬ್ ಬಯರ್ನ್ 2005ರವರೆಗೆ ಆಡಿತು. ಟ್ರ್ಯಾಕ್ ಆಚೆ ಕೂತವರಿಗೆ ಆಟ ಸರಿಯಾಗಿ ಕಾಣಲ್ಲ, ಗಾಳಿ ಬೇರೆ. ಕೊನೆಗೆ ಬೇರೆ ಸ್ಟೇಡಿಯಂ ಕಟ್ಟಿಕೊಂಡರು. ಹಳೆಯದನ್ನು ಕೆಡವಲಿಲ್ಲ. 2022ರಲ್ಲಿ ಅಲ್ಲೇ ಯುರೋಪಿಯನ್ ಅಥ್ಲೆಟಿಕ್ಸ್ ನೋಡಿದೆ. ಎರಡು ಆಟ, ಎರಡು ಮನೆ. ಲಂಡನ್‌ನಲ್ಲಿ ಉಲ್ಟಾ. ಅಲ್ಲಿನ ಕ್ಲಬ್ ವೆಸ್ಟ್ ಹ್ಯಾಮ್ 2016ರಲ್ಲಿ ಸ್ವಂತ ಮೈದಾನ ಬಿಟ್ಟು ಒಲಿಂಪಿಕ್ಸ್ ಸ್ಟೇಡಿಯಂಗೆ ಬಂತು. ಅಲ್ಲಿನ ನನ್ನ ಕಸಿನ್ ಇವತ್ತಿಗೂ ಬೈಯುತ್ತಾನೆ.

ಬೆಂಗಳೂರಲ್ಲೂ ಫುಟ್‌ಬಾಲ್‌ಗೆ ಬೇರೆ ಕಟ್ಟಿದರೆ ಮುಗೀತಲ್ಲ?

ನಕ್ಷೆ_ನಂಜುಂಡ
ಜಾಗ?

ಮ್ಯೂನಿಕ್_ಮಲ್ಲಿಗೆ
ಅಶೋಕನಗರದ್ದನ್ನೇ ದೊಡ್ಡದು ಮಾಡಿ.

ಗೌತಮಪುರ_ನಂಬರ್10
ಬಾಯಿಗೆ ಸಕ್ಕರೆ ಹಾಕಬೇಕು ನಿಮಗೆ. ಅಶೋಕನಗರಕ್ಕೆ ಟ್ರ್ಯಾಕೇ ಇಲ್ಲ. ಗೆರೆ ಪಕ್ಕದಲ್ಲೇ ಜನ. ಥ್ರೋ-ಇನ್ ಮಾಡುವವನ ಕಿವಿಗೆ ನಮ್ಮ ಬೈಗುಳ ಕೇಳಿಸುತ್ತದೆ. ಚಿಕ್ಕವನಿದ್ದಾಗ ಐಟಿಐ, ಎಚ್‌ಎಎಲ್ ಮ್ಯಾಚ್‌ಗೆ ಚಿಕ್ಕಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗ್ತಿದ್ದರು. ಕಡ್ಲೆಕಾಯಿ ಪೊಟ್ಟಣದ ಪೇಪರ್ ಓದೋದೇ ಹಾಫ್‌ಟೈಮ್ ಕೆಲಸ. ಆ ಕಾರ್ಖಾನೆ ತಂಡಗಳಲ್ಲಿ ಆಡಿದರೆ ಕೆಲಸ ಸಿಗುತ್ತಿತ್ತು. ನಮ್ಮ ಏರಿಯಾದಲ್ಲಿ ಎಷ್ಟೋ ಮನೆಯ ಅಡುಗೆ ಒಲೆ ಉರಿದದ್ದು ಅದರಿಂದಲೇ. ಬಿಎಫ್‌ಸಿ ಕಂಠೀರವಕ್ಕೆ ಹೋದಾಗ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ದೊಡ್ಡ ಸ್ಟೇಡಿಯಂ, ಸುಮಾರು 25 ಸಾವಿರ ಜನ, ನಿಜ. ಆದರೆ ಆಟ ನಮ್ಮ ಗಲ್ಲಿಯಿಂದ ಎದ್ದು ಹೋದ ಹಾಗಾಯಿತು.

2023ರಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದು ಎಲ್ಲಿ ಗೊತ್ತಾ? ಸೌದಿಯ ರಿಯಾದ್‌ನಲ್ಲಿ. ಮೇಘಾಲಯ ವಿರುದ್ಧ 3-2. ನಾವು ಫೋನಲ್ಲಿ ನೋಡಿದೆವು.

ಕೋರ್ಟು_ಕಚೇರಿ
ಈ ತಕರಾರು ಸುಮ್ನೆ ಮಾತಿನದ್ದಲ್ಲ ಅನ್ನೋದು ಹೊಸಬರಿಗೆ ಗೊತ್ತಿರಲಿ. ಅಥ್ಲೀಟ್‌ಗಳು ಹೈಕೋರ್ಟ್ ತನಕ ಹೋಗಿದ್ದರು. 2019ರಲ್ಲಿ ಬಿಎಫ್‌ಸಿ ತನ್ನ ಹೋಮ್ ಮ್ಯಾಚ್‌ಗಳನ್ನು ಪುಣೆಗೆ ಒಯ್ಯುವ ಮಾತು ಬಂದಿತ್ತು. ಕೊನೆಗೆ ಇಲ್ಲೇ ಆಡಿದರು. ಸ್ಟೇಡಿಯಂ ರಾಜ್ಯ ಕ್ರೀಡಾ ಇಲಾಖೆಯದ್ದು. ಹಾಗಾಗಿ "ಯಾರದ್ದು" ಅನ್ನೋ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸುಲಭ. ಸರ್ಕಾರದ್ದು. 2013ರಲ್ಲೂ 2023ರಲ್ಲೂ ಸಿದ್ದರಾಮಯ್ಯ ಪ್ರಮಾಣವಚನ ತಗೊಂಡದ್ದು ಅಲ್ಲೇ ಅಲ್ವಾ?

ಜಯನಗರ_ಜಾಣ
ಅವತ್ತು ಎಷ್ಟು ಕುರ್ಚಿ ಕಾಲು ಹುಲ್ಲಿಗೆ ಚುಚ್ಚಿದವೋ! ಅದಕ್ಕೆ ಯಾರೂ ಕೋರ್ಟಿಗೆ ಹೋಗಲ್ಲ.

ಸ್ಪೈಕ್ಸ್_ಮಾಸ್ತರು
ಜಾಣರು ಈ ಸಲ ನಿಜವಾಗಲೂ ಜಾಣ ಮಾತು ಆಡಿದ್ದಾರೆ.

ಈಟಿ_ಎಸೆತ
ಜನ ಬರಲ್ಲ ಅಂದವರಿಗೆ. 2025ರ ಜುಲೈ 5, ನೀರಜ್ ಚೋಪ್ರಾ ಕ್ಲಾಸಿಕ್, ಕಂಠೀರವ. ಮೊದಲು ಪಂಚಕುಲದಲ್ಲಿ ಅಂತ ಇತ್ತು. ಅಲ್ಲಿ ದೀಪದ ವ್ಯವಸ್ಥೆ ಸಾಲದು ಅಂತ ಇಲ್ಲಿಗೆ ಬಂತು. ಮೇ ತಿಂಗಳಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಯಿತು. ನಾನು ಹೋಗಿದ್ದೆ. ಒಬ್ಬ ಮನುಷ್ಯ ಒಂದು ಕೋಲು ಎಸೆಯೋದನ್ನು ನೋಡಲು ಬೆಂಗಳೂರು ಟ್ರಾಫಿಕ್ ದಾಟಿ ಇಷ್ಟು ಜನ ಬರ್ತಾರೆ ಅಂತ ನಂಬಿಕೆ ಇರಲಿಲ್ಲ. ನೀರಜ್ 86.18 ಮೀಟರ್ ಎಸೆದು ಗೆದ್ದರು. ಕೀನ್ಯಾದ ಯೆಗೊ ಎರಡನೆಯವರು. ಓಡಿ ಬರುವಾಗ ಇಡೀ ಸ್ಟೇಡಿಯಂ ಒಂದೇ ತಾಳದಲ್ಲಿ ಚಪ್ಪಾಳೆ. ಕೈ ಬಿಟ್ಟ ಮೇಲೆ ಎರಡು ಮೂರು ಸೆಕೆಂಡ್ ಯಾರೂ ಉಸಿರು ಬಿಡಲ್ಲ. ಆಮೇಲೆ ಈಟಿ ನೆಲಕ್ಕೆ ಕಚ್ಚುತ್ತದೆ.

ಕಚ್ಚುವುದು ಎಲ್ಲಿಗೆ ಹೇಳಿ? ಫುಟ್‌ಬಾಲ್‌ನವರ ಹುಲ್ಲಿಗೆ 😄

ವೆಸ್ಟ್_ಸೈಡ್_ನೀಲಿ
ನಾನೂ ಹೋಗಿದ್ದೆ ಗುರು. ನೀಲಿ ಜೆರ್ಸಿಯಲ್ಲೇ. ಆ ದಿನ ಹುಲ್ಲಿಗೆ ಎಷ್ಟು ತೂತು ಬಿದ್ದರೂ ಬೇಜಾರಿಲ್ಲ.

ಕುಡ್ಲದ_ಕಿಣಿ
ಜನದ ಲೆಕ್ಕ ಅಂದರೆ 2023ರ ಸ್ಯಾಫ್ (ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ) ಹೇಳಲೇಬೇಕು. ಭಾರತ-ಪಾಕಿಸ್ತಾನ, ಜೂನ್ 21. ಪಾಕಿಸ್ತಾನದವರು ವೀಸಾ ತಡವಾಗಿ ಮ್ಯಾಚ್ ದಿನವೇ ಬಂದು ಇಳಿದಿದ್ದರು ಪಾಪ. 4-0. ಚೆಟ್ರಿ ಹ್ಯಾಟ್ರಿಕ್. ಮಳೆ ಬೇರೆ. ನಮ್ಮ ಕೋಚ್ ಸ್ಟಿಮಾಚ್ ಥ್ರೋ-ಇನ್ ಮಾಡ್ತಿದ್ದವನ ಕೈಯಿಂದ ಚೆಂಡು ತಟ್ಟಿ ಕೆಂಪು ಕಾರ್ಡ್ ತಗೊಂಡರು. ಜುಲೈ 4ರ ಫೈನಲ್ ಕುವೈತ್ ಜೊತೆ, 1-1, ಪೆನಾಲ್ಟಿಯಲ್ಲಿ 5-4. ಗುರ್‌ಪ್ರೀತ್ ಕೊನೆಯದನ್ನು ಹಿಡಿದಾಗ ನಾನು ಗೋಲ್ ಹಿಂದಿನ ಸ್ಟ್ಯಾಂಡ್‌ನಲ್ಲಿ. ಮೇಡಂ ಹೇಳಿದ 36 ಮೀಟರ್ ದೂರದಲ್ಲಿ. ಹಿಡಿದದ್ದು ಕಾಣಲಿಲ್ಲ. ಎದುರಿನವರು ಎದ್ದು ಕುಣಿದಾಗ ಗೊತ್ತಾಯಿತು.

ಮಂಡ್ಯ_ಮಾವ
ಹೊರಗೆ ಬರೋ ದಾರಿ ಬಗ್ಗೆ ಯಾರೂ ಮಾತಾಡ್ತಿಲ್ಲ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಹೊರಗೆ 11 ಜೀವ ಹೋದವು. ಅಪ್ಪು ದಿನ ನಾನು ಆ ಬ್ಯಾರಿಕೇಡ್ ಮಧ್ಯೆ ಅರ್ಧ ಗಂಟೆ ಅಲ್ಲಾಡದೆ ನಿಂತಿದ್ದೆ. ಈಗ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ. ಯಾರ ಸ್ಟೇಡಿಯಂ ಆದರೂ ಇರಲಿ, ಮಗಳನ್ನ ಕರೆದುಕೊಂಡು ಹೋದಾಗ ಯಾವ ಗೇಟಿಂದ ವಾಪಸ್ ಬರಬೇಕು ಅಂತ ಮೊದಲೇ ನೋಡಿಕೊಳ್ಳಿ.

ವಿಲ್ಸನ್‌ಗಾರ್ಡನ್_ಅಪ್ಪ
ಖಂಡಿತ ಮಾವ. ನಾವು ಐದು ನಿಮಿಷ ಮುಂಚೆಯೇ ಎದ್ದು ಬಂದೆವು. ಬಾಮೈದ ಇನ್ನೂ ಬೈತಿದ್ದಾನೆ, ಗೋಲ್ ಆಗಿದ್ದು ಆಮೇಲೆ.

ಅಂದಹಾಗೆ ಮಗಳ ತೀರ್ಪು ಬಂತು. ಟೇಬಲ್ ಮೇಲೆ ಪೂರ್ತಿ ನಕ್ಷೆ ಬರೆದಿದ್ದಾಳೆ. ಮೇಡಂ ಲೆಕ್ಕ ಸರಿ ಅಂತೆ. ಆ ಒಂದು ಮೀಟರ್ ಜಾಗಕ್ಕೆ ಹಳದಿ ಬಣ್ಣ ಹಚ್ಚಿ "ಜಗಳದ ಜಾಗ" ಅಂತ ಬರೆದಿದ್ದಾಳೆ. ಒಂದು ಮೂಲೆಗೆ ನೀಲಿ ಚುಕ್ಕೆ ಇಟ್ಟು "ತಾತನ ಕೆರೆ" ಅಂತ.

ತಿಗಳರಪೇಟೆ_ಹುಡುಗಿ
ಆ ನಕ್ಷೆ ಫೋಟೋ ಹಾಕಿ ಸಾರ್. ಅಜ್ಜಿಗೆ ತೋರಿಸಬೇಕು.

ಸ್ಪೈಕ್ಸ್_ಮಾಸ್ತರು
ಸರ್, ಮಗಳ 200 ಮೀಟರ್ ಟೈಮಿಂಗ್ ಎಷ್ಟು?

ವಿಲ್ಸನ್‌ಗಾರ್ಡನ್_ಅಪ್ಪ
ಸ್ಕೂಲ್ ಗ್ರೌಂಡಲ್ಲಿ ಪಿಟಿ ಮೇಷ್ಟ್ರು ಫೋನಲ್ಲಿ ಹಿಡಿದದ್ದು 31 ಸೆಕೆಂಡ್ ಚಿಲ್ಲರೆ. ಮಣ್ಣಿನ ಮೇಲೆ, ಬರಿಗಾಲಲ್ಲಿ.

ಸ್ಪೈಕ್ಸ್_ಮಾಸ್ತರು
ಬರಿಗಾಲಲ್ಲಾ! ಒಂದು ಬೆಳಿಗ್ಗೆ ಕರೆದುಕೊಂಡು ಬನ್ನಿ. ನೋಡೋಣ. ಬಾಮೈದನನ್ನೂ ಕರೆತನ್ನಿ, ಎರಡು ಸುತ್ತು ಓಡಿಸುತ್ತೇನೆ.

ವೆಸ್ಟ್_ಸೈಡ್_ನೀಲಿ
ಮುಂದಿನ ಮ್ಯಾಚ್‌ಗೆ ನನ್ನ ಹತ್ರ ಎರಡು ಟಿಕೆಟ್ ಜಾಸ್ತಿ ಇದೆ. ಫ್ರೆಂಡ್ಸ್ ಕೈ ಕೊಟ್ಟರು. ಯಾರಿಗಾದರೂ ಬೇಕಾ? ದುಡ್ಡು ಬೇಡ.

ಜಯನಗರ_ಜಾಣ
ನನಗೆ! ಯಾವ ಸ್ಟ್ಯಾಂಡು?

ವೆಸ್ಟ್_ಸೈಡ್_ನೀಲಿ
ಗೋಲ್ ಹಿಂದೆ.

ಜಯನಗರ_ಜಾಣ
36 ಮೀಟರ್. ಬೇಡ ಗುರು, ಟಿವಿಲಿ ನೋಡ್ಕೊಳ್ತೀನಿ.